ಹೊಸ್ತಿಲ ಮುಂದೆ ನಿಂತ ಕಾಲು

ಬೆಳಗಿನ ಆರೂವರೆ. ತಿಳವಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ ಗೋಡೆಗೆ ಆತು ಕುಳಿತಿದ್ದೀರಿ. ಒಳಗೆ ರೊಟ್ಟಿ ಬಡಿಯುವ ಸದ್ದು. ಎದುರಿಗೆ ಕಂಬಳಿಯ ಮೇಲೆ ಈ ಮನೆಯ ಯಜಮಾನರು, ಅರವತ್ತಮೂರರ ರೈತ. ಹೆಸರು ಬೇಡ. ಇಂಥವರು ಹಾನಗಲ್ ತಾಲ್ಲೂಕಿನ ಊರೂರಲ್ಲೂ ಇದ್ದಾರೆ, ಹಿರೇಕೆರೂರು, ಸವಣೂರು ಕಡೆಗೂ ಇದ್ದಾರೆ.

ಸೊಸೆ ಚಹಾ ತಂದಿಡುತ್ತಾಳೆ. "ಮಾವಾರ, ಚಾ ಆರತೈತ್ರಿ."

ಯಜಮಾನರ ಬಲಗೈ ತೊಡೆಯ ಮೇಲಿದೆ. ಅದನ್ನು ನೋಡಿ. ಹೆಬ್ಬೆರಳು ತೋರುಬೆರಳನ್ನು ಸವರುತ್ತ, ದೇವರ ಮನೆಯಲ್ಲಿ ಹತ್ತಿಯ ಬತ್ತಿ ಹೊಸೆಯುವ ಹಾಗೆ, ತನ್ನಷ್ಟಕ್ಕೆ ಆಡುತ್ತಿದೆ. ಸೆಕೆಂಡಿಗೆ ನಾಲ್ಕೈದು ಸಲ. ಅವರು ಕಪ್ಪಿಗೆ ಕೈ ಚಾಚಿದ ಕೂಡಲೇ ಆ ಆಟ ನಿಲ್ಲುತ್ತದೆ. ಕಪ್ಪು ತುಟಿಯವರೆಗೆ ಹೋಗುತ್ತದೆ, ಒಂದು ಹನಿಯೂ ತುಳುಕುವುದಿಲ್ಲ. ಕೈ ಮತ್ತೆ ತೊಡೆಗೆ ಬಂದು ತಂಗಿ, ಒಂದೆರಡು ಉಸಿರಾದ ಮೇಲೆ ಪುನಃ ಶುರು. ಎಡಗೈ ಮಾತ್ರ ಶಾಂತ.

ಕೆಲಸ ಮಾಡುವಾಗ ನಡುಗುವ ಕೈಯೇ ಬೇರೆ, ಸುಮ್ಮನಿದ್ದಾಗ ನಡುಗುವ ಕೈಯೇ ಬೇರೆ. ಲೋಟ ಎತ್ತುವಾಗ, ಸಹಿ ಹಾಕುವಾಗ ಎರಡೂ ಕೈ ನಡುಗಿದರೆ, ಮನೆತನದಲ್ಲಿ ಇನ್ನೊಬ್ಬರಿಗೂ ಹಾಗೇ ಇದ್ದರೆ, ಅದು ಬಹುಮಟ್ಟಿಗೆ ಎಸೆನ್ಶಿಯಲ್ ಟ್ರೆಮರ್ ಎಂಬ ಬೇರೆಯೇ ತೊಂದರೆ. ಅದಕ್ಕೆ ಕೊಡುವ ಗುಳಿಗೆಯೂ ಬೇರೆ. ಸುಮ್ಮನಿದ್ದಾಗ, ಅದೂ ಒಂದೇ ಕಡೆಯ ಕೈ ಹೀಗೆ ಆಡತೊಡಗಿದರೆ ಪಾರ್ಕಿನ್ಸನ್ ಕಾಯಿಲೆಯ ಬಗ್ಗೆ ಯೋಚಿಸಬೇಕು. ಆದರೆ ಈ ಕಾಯಿಲೆಯ ಬುಡ ನಡುಕದಲ್ಲಿಲ್ಲ. ನಡುಕವೇ ಇಲ್ಲದ ರೋಗಿಗಳೂ ಇದ್ದಾರೆ. ಬುಡ ಇರುವುದು ನಿಧಾನದಲ್ಲಿ.

ಆ ನಿಧಾನ ಈಗ ನಿಮ್ಮೆದುರೇ ನಡೆಯುತ್ತಿದೆ. ಯಜಮಾನರು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದಾರೆ. ಮೊದಲ ಗುಂಡಿ ಕಿಂಡಿಯ ಅಂಚಿಗೆ ತಾಗಿ ಜಾರುತ್ತದೆ. ಬೆರಳು ಅದನ್ನು ಮತ್ತೆ ಹುಡುಕಿ ತರುತ್ತದೆ, ಮತ್ತೆ ಜಾರುತ್ತದೆ. ಐದು ಗುಂಡಿ ಮುಗಿಯುವಷ್ಟರಲ್ಲಿ ಚಹಾದ ಮೇಲೆ ಕೆನೆ ಕಟ್ಟಿದೆ. ಮುಖದಲ್ಲಿ ಬೇಸರವಿಲ್ಲ, ಸಿಟ್ಟಿಲ್ಲ, ನಗೆಯೂ ಇಲ್ಲ. ಕಣ್ಣು ಮಿಟುಕಿಸುವುದೂ ಕಡಿಮೆ. ಬಂದವರು "ಗೌಡ್ರು ಈಗೀಗ ಮಾರಿ ಗಂಟ ಹಾಕ್ಕೊಂಡಿರತಾರ" ಅನ್ನುತ್ತಾರಂತೆ. ಗಂಟು ಹಾಕಿದ್ದು ಅವರಲ್ಲ. ಮುಖದ ಸ್ನಾಯುಗಳಿಗೂ ಅದೇ ನಿಧಾನ ಇಳಿದಿದೆ.

"ನಾಕ ವರ್ಷ ಆತ್ರಿ ಕೈ ನಡಗಾಕ ಹತ್ತಿ," ಒಳಗಿನಿಂದ ಬಂದ ಅವರ ಹೆಂಡತಿ ಹೇಳುತ್ತಾರೆ. "ಕೇಳಿದವರೆಲ್ಲಾ ವಯಸ್ಸಾತು ಬಿಡ್ರಿ ಅಂದ್ರು. ನಾವೂ ಬಿಟ್ವಿ."

ಈ 'ವಯಸ್ಸಾತು ಬಿಡ್ರಿ' ಅನ್ನುವ ಮಾತಿನ ಮೇಲೆ ನನಗೆ ನಿಜವಾಗಿ ಸಿಟ್ಟಿದೆ. ವಯಸ್ಸಾದರೆ ಎರಡೂ ಕಾಲು ಸೋಲುತ್ತವೆ, ಎರಡೂ ಕೈ ಸೋಲುತ್ತವೆ. ವಯಸ್ಸು ಬಲಗೈಯನ್ನು ಹಿಡಿದು ಎಡಗೈಯನ್ನು ಬಿಡುವುದಿಲ್ಲ. ಈ ಮಾತಿನ ಬೆಲೆ ಇಲ್ಲಿ ನಾಲ್ಕು ವರ್ಷ. ಗುಳಿಗೆ ಅತಿ ಚೆನ್ನಾಗಿ ಕೆಲಸ ಮಾಡಬಹುದಾಗಿದ್ದ ವರ್ಷಗಳವು.

ಅವರು ಏಳುತ್ತಾರೆ. ಎರಡು ಸಲ ಮುಂದಕ್ಕೆ ಬಾಗಿ, ಮೂರನೇ ಸಲಕ್ಕೆ ಎದ್ದು ನಿಲ್ಲುತ್ತಾರೆ. ಬಾಗಿಲ ಕಡೆ ಸಣ್ಣ ಸಣ್ಣ ಹೆಜ್ಜೆ. ಎಡಗೈ ಬೀಸುತ್ತಿದೆ, ಬಲಗೈ ಮೊಣಕೈಯಲ್ಲಿ ಮಡಚಿ ಹೊಟ್ಟೆಗೆ ಅಂಟಿದೆ. ಹೊಸ್ತಿಲು ಹತ್ತಿರ ಬಂದಂತೆ ಹೆಜ್ಜೆ ಇನ್ನೂ ಸಣ್ಣದಾಗಿ, ಕೊನೆಗೆ ಪಾದ ನೆಲ ಬಿಡುವುದೇ ಇಲ್ಲ. ಮೈ ಮುಂದೆ ಹೋಗುತ್ತಿದೆ, ಕಾಲು ಅಲ್ಲೇ ಇದೆ. ಮಗ ಓಡಿ ಬಂದು ರಟ್ಟೆ ಹಿಡಿಯುತ್ತಾನೆ. "ಎತ್ತಪ್ಪಾ, ಕಾಲ ಎತ್ತು!" ಎತ್ತಲು ಆಗುತ್ತಿಲ್ಲ. ಕಾಲಿಗೆ ಬಲವಿಲ್ಲದೆ ಅಲ್ಲ. ನಿನ್ನೆ ಇದೇ ಕಾಲು ಶಾಂತೇಶ್ವರ ದೇವಸ್ಥಾನದ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಹತ್ತಿತ್ತು. 13ನೇ ಶತಮಾನದ ಆ ಕಲ್ಲಿನ ಮೆಟ್ಟಿಲು ಹತ್ತಿದವರು ಮನೆಯ ಹೊಸ್ತಿಲು ದಾಟಲಾರರು ಅಂದರೆ ಊರವರಿಗೆ ಅನುಮಾನ ಬರುತ್ತದೆ, ಬೇಕಂತಲೇ ಮಾಡುತ್ತಾರೇನೋ ಎಂದು. ಆದರೆ ಈ ಕಾಯಿಲೆಯ ಗುಣವೇ ಅದು. ಕಣ್ಣಿಗೆ ಕಾಣುವ ಗೆರೆ, ಮೆಟ್ಟಿಲು, ಎಣಿಕೆ ಸಿಕ್ಕಿದರೆ ಮಿದುಳು ಇನ್ನೊಂದು ದಾರಿಯಿಂದ ಕಾಲಿಗೆ ಆಜ್ಞೆ ಕಳಿಸುತ್ತದೆ. ತಾನಾಗಿ ನಡೆಯಬೇಕಾದ ನಡಿಗೆ ಮಾತ್ರ ಕಟ್ಟಿಹೋಗುತ್ತದೆ, ಅದರಲ್ಲೂ ಇಕ್ಕಟ್ಟಿನ ಬಾಗಿಲಲ್ಲಿ, ತಿರುಗುವ ಜಾಗದಲ್ಲಿ.

ಡಾಕ್ಟರಿಗೆ ತೋರಿಸಲೆಂದು ಹತ್ತಿದ ಬಸ್ಸು ಹಾನಗಲ್, ಶಿಗ್ಗಾವಿ ದಾಟಿ ಹುಬ್ಬಳ್ಳಿ ಮುಟ್ಟುವಾಗ ಬಿಸಿಲು ಏರಿದೆ. ನರರೋಗ ತಜ್ಞರ ಕೋಣೆಯ ಹೊರಗೆ ಬೆಂಚಿನ ತುಂಬ ಜನ. ಪಕ್ಕದಲ್ಲಿ ಹಿರೇಕೆರೂರು ಕಡೆಯ ಅಜ್ಜಿ, ಜೊತೆಗೆ ಮಗಳು. ಅಜ್ಜಿಯ ಎರಡೂ ಕೈ ಸಮನಾಗಿ ಬಿಗಿದಿವೆ, ಗಲ್ಲ ನಡುಗುತ್ತಿದೆ. ಮಗಳ ಮಡಿಲಲ್ಲಿ ಬಟ್ಟೆಯಂಗಡಿಯ ಪ್ಲಾಸ್ಟಿಕ್ ಚೀಲ, ಅದರ ತುಂಬ ಗುಳಿಗೆ. ಅವರದೇ ಪಾಳಿ ಮೊದಲು. ಬಾಗಿಲು ಅರೆ ತೆರೆದಿದೆ, ಎಲ್ಲ ಕೇಳಿಸುತ್ತದೆ.

"ಚೀಲದಾಗಿನ್ದು ಎಲ್ಲಾ ಮೇಜಿನ ಮ್ಯಾಲೆ ಸುರೀರಿ," ಡಾಕ್ಟರ್ ಹೇಳುತ್ತಾರೆ. ಬಿಪಿ ಗುಳಿಗೆ, ಸಕ್ಕರೆ ಗುಳಿಗೆ, ಗ್ಯಾಸಿನ ಕ್ಯಾಪ್ಸೂಲು. ಒಂದೊಂದನ್ನೂ ತಿರುವಿ ಹಿಂದಿನ ಅಕ್ಷರ ಓದುತ್ತಾರೆ. ಎರಡು ಸ್ಟ್ರಿಪ್ಪು ಬೇರೆ ಇಡುತ್ತಾರೆ. "ಇದು ಯಾಕ ತಗೋತೀರಿ?"

"ತಲಿ ತಿರಗತಿತ್ರಿ. ಒಂದ ವಾರಕ್ಕಂತ ಕೊಟ್ಟಿದ್ರು. ಆರಾಮ ಅನಿಸ್ತು, ಅಂಗಡ್ಯಾಗ ಅದನ್ನ ತಂದು ತಗೋಳಾಕತ್ತೀವಿ. ದೀಪಾವಳಿಯಿಂದ."

ಒಂದು ಸಿನ್ನಾರಿಜಿನ್, ತಲೆ ತಿರುಗಿದರೆ ಕೊಡುವುದು. ಇನ್ನೊಂದು ಆ ಗ್ಯಾಸಿನ ಕ್ಯಾಪ್ಸೂಲೇ. ಅದರಲ್ಲಿ ಆಮ್ಲ ತಗ್ಗಿಸುವ ಔಷಧಿಯ ಜೊತೆ ಲೆವೊಸಲ್ಪಿರೈಡ್ ಸೇರಿದೆ. ಎರಡೂ ಮಿದುಳಿನಲ್ಲಿ ಚಲನೆಗೆ ಬೇಕಾದ ಡೋಪಮಿನ್ ಎಂಬ ರಾಸಾಯನಿಕದ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಅರೆತಲೆನೋವಿಗೆ ಕೊಡುವ ಫ್ಲೂನಾರಿಜಿನ್, ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್‌ನಂಥ ಗುಳಿಗೆಗಳೂ ಹೀಗೆ ಮಾಡಬಲ್ಲವು. ವಯಸ್ಸಾದವರು ತಿಂಗಳುಗಟ್ಟಲೆ ನುಂಗಿದರೆ ನಡುಕ, ಬಿಗಿತ, ನಿಧಾನ ಮೂರೂ ಬಂದು, ನೋಡಿದವರಿಗೆ ಪಾರ್ಕಿನ್ಸನ್ನೇ ಅನಿಸುತ್ತದೆ. ಇಂಥ ಲಕ್ಷಣಗಳ ಗುಂಪಿಗೆ ಪಾರ್ಕಿನ್ಸೋನಿಸಂ ಎಂದು ಹೆಸರು. ಪಾರ್ಕಿನ್ಸನ್ ಕಾಯಿಲೆ ಅದಕ್ಕೆ ಒಂದು ಕಾರಣ ಮಾತ್ರ, ಔಷಧಿ ಇನ್ನೊಂದು. ಇದೊಂದು ಕಾರಣವನ್ನು ಅನೇಕ ಸಲ ಗುಳಿಗೆ ಬಿಡಿಸಿಯೇ ತೊಲಗಿಸಬಹುದು.

"ಇವೆರಡು ಇವತ್ತಿಂದ ಬ್ಯಾಡ. ಬಿಪಿ, ಸಕ್ಕರಿ ಗುಳಿಗಿ ಬಿಡಬ್ಯಾಡ್ರಿ. ಮೈ ಸಡಲಾಗಾಕ ಒಂದೆರಡು ತಿಂಗಳು ಹಿಡೀಬಹುದು, ಕೆಲವರಿಗೆ ಇನ್ನೂ ಹೆಚ್ಚು. ಅವಸರ ಮಾಡಬ್ಯಾಡ್ರಿ, ತಿರುಗಿ ಬಂದು ತೋರಸ್ರಿ." ಬಿಟ್ಟ ಮೇಲೂ ಲಕ್ಷಣ ಉಳಿದರೆ ಒಳಗೆ ನಿಜವಾದ ಕಾಯಿಲೆಯೂ ಇರಬಹುದು. ಅದಕ್ಕೇ ತಿರುಗಿ ಬರುವುದು ಮುಖ್ಯ. ಮಾನಸಿಕ ಕಾಯಿಲೆಯ ಗುಳಿಗೆಯಾಗಿದ್ದರೆ ತಾವಾಗಿ ಬಿಡುವಂತೆಯೂ ಇಲ್ಲ, ಕೊಟ್ಟ ವೈದ್ಯರನ್ನೇ ಕೇಳಬೇಕು.

ಈಗ ತಿಳವಳ್ಳಿಯವರ ಪಾಳಿ. ಬಾಗಿಲಲ್ಲಿ ಒಮ್ಮೆ ಕಾಲು ಕಟ್ಟಿ ನಿಂತದ್ದನ್ನು ಡಾಕ್ಟರ್ ಕುಳಿತಲ್ಲಿಂದಲೇ ನೋಡಿದರು. ಪರೀಕ್ಷೆ ಆಗಲೇ ಶುರುವಾಯಿತು ಎಂದು ಮನೆಯವರಿಗೆ ಗೊತ್ತಿಲ್ಲ.

"ಯಜಮಾನ್ರ, ಹೆಬ್ಬಟ್ಟು, ತೋರಬೆರಳು ಹಿಂಗ ಬಡೀರಿ. ಅಗಲಾಗಿ, ಜಲ್ದಿ ಜಲ್ದಿ." ಬಲಗೈಯ ಮೊದಲ ಮೂರ್ನಾಲ್ಕು ಬಡಿತ ಅಗಲ. ಆಮೇಲೆ ಒಂದೊಂದಕ್ಕೂ ಬೆರಳುಗಳ ನಡುವಿನ ಸಂದು ಕಿರಿದಾಗುತ್ತ ಬಂತು. ಹತ್ತನೆಯದಕ್ಕೆ ಬೆರಳು ಬರೀ ಅಂಟಿಕೊಂಡು ಅದಿರುತ್ತಿವೆ. ತಜ್ಞರು ಹುಡುಕುವುದು ಇದನ್ನೇ, ನಿಧಾನದ ಜೊತೆಗೆ ಹೀಗೆ ಕುಗ್ಗುತ್ತ ಹೋಗುವುದನ್ನು. ಈ ನಿಧಾನಕ್ಕೆ ನಡುಕವೋ ಬಿಗಿತವೋ ಒಂದು ಜೊತೆಯಾದರೆ ಪಾರ್ಕಿನ್ಸೋನಿಸಂ ಖಚಿತ. ಮಣಿಕಟ್ಟು ಹಿಡಿದು ತಿರುಗಿಸಿದಾಗ ಅದು ಸರಾಗ ತಿರುಗದೆ ಕಟ್ ಕಟ್ ಎಂದು ತಡೆತಡೆದು ತಿರುಗಿತು. ಹಿಂದೆ ನಿಂತು ಭುಜ ಹಿಡಿದು ಎಳೆದರು. ಮೂರು ಹೆಜ್ಜೆ ಹಿಂದೆ ಬಂದು ತಾವೇ ಸಾವರಿಸಿಕೊಂಡರು. ಕಾಗದ ಕೊಟ್ಟು ಹೆಸರು ಬರೆಸಿದರು. ಮೊದಲ ಅಕ್ಷರ ಕಡಲೆಯಷ್ಟು, ಕೊನೆಯದು ಸಾಸಿವೆಯಷ್ಟು. ಮಗ ಆಗ ಬಾಯಿ ಬಿಟ್ಟ: "ಬ್ಯಾಂಕಿನ್ಯಾಗ ಸಹಿ ಹೊಂದವಲ್ದು ಅಂತ ಎರಡು ಸಲ ವಾಪಸ್ ಕಳಿಸಿದ್ರು ಸರ್."

"ನಿದ್ಯಾಗ ಒದ್ದಾಡತಾರೇನ್ರಿ?" ಡಾಕ್ಟರ್ ಹೆಂಡತಿಯ ಕಡೆ ತಿರುಗಿದರು.

"ನಾ ಬ್ಯಾರೆ ಮಲಗಾಕ ಹತ್ತಿ ಭಾಳ ವರ್ಷ ಆತ್ರಿ. ಕನಸಿನ್ಯಾಗ ಯಾರ ಕೂಡನೋ ಜಗಳಾ ತಗದು ಚೀರತಾರ, ಒದೀತಾರ."

"ವಾಸನಿ?"

"ಒಗ್ಗರಣಿ ಹೊತ್ತಿ ಮನಿ ತುಂಬ ಹೊಗಿ ಆದ್ರೂ ಇವರಿಗೆ ಗೊತ್ತಾಗಂಗಿಲ್ರಿ."

ಮಲಬದ್ಧತೆ, ವಾಸನೆ ಹೋಗುವುದು, ಕನಸಿನಲ್ಲಿ ಕೈಕಾಲು ಬಡಿಯುವುದು, ಇವು ನಡುಕಕ್ಕಿಂತ ಎಷ್ಟೋ ವರ್ಷ ಮುಂಚೆ ಬರಬಲ್ಲವು. ಇವನ್ನು ಹೇಳಲು ಯಾವ ಯಂತ್ರವೂ ಬೇಡ, ಜೊತೆಗೆ ಬಾಳಿದವರು ಬೇಕು. 1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯ ಮೇಲೆ ತನ್ನ ಪ್ರಬಂಧ ಬರೆದಾಗ ಅವನ ಮುಂದಿದ್ದವರು ಆರೇ ಜನ. ಅವರಲ್ಲಿ ಇಬ್ಬರು ಬೀದಿಯಲ್ಲಿ ಎದುರಾದವರು, ಒಬ್ಬನನ್ನಂತೂ ದೂರದಿಂದಷ್ಟೇ ಕಂಡದ್ದು. ಇನ್ನೂರು ವರ್ಷ ಕಳೆದರೂ ರೋಗನಿರ್ಣಯ ಬಹುಪಾಲು ಕಣ್ಣಿನ ಕೆಲಸವಾಗಿಯೇ ಉಳಿದಿದೆ. ದಿನನಿತ್ಯದ ಕೆಲಸದಲ್ಲಿ ಬಳಸುವಂಥ ಒಂದು ರಕ್ತಪರೀಕ್ಷೆ ಇದಕ್ಕಿಲ್ಲ. ಎಂಆರ್‌ಐ ಬೇರೆ ಕಾಯಿಲೆಗಳನ್ನು ತಳ್ಳಿಹಾಕಲು ನೆರವಾಗುತ್ತದೆಯೇ ಹೊರತು, ಪಾರ್ಕಿನ್ಸನ್‌ನಲ್ಲಿ ಸಾಮಾನ್ಯ ಎಂಆರ್‌ಐ ಚಿತ್ರ ಹೆಚ್ಚಾಗಿ ಚೆನ್ನಾಗಿಯೇ ಕಾಣುತ್ತದೆ. "ಸ್ಕ್ಯಾನ್ ನಾರ್ಮಲ್ ಬಂದೈತಿ, ಏನೂ ಇಲ್ಲ" ಎಂದು ಮನೆಗೆ ಹೋದವರು ಬಹಳ.

ಡಾಕ್ಟರ್ ಇನ್ನೂ ಬಿಡಲಿಲ್ಲ. ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ನೋಡಿದರು. ಕಣ್ಣನ್ನು ಮೇಲೆ ಕೆಳಗೆ ಹೊರಳಿಸಿದರು. ಮೊದಲ ವರ್ಷದಲ್ಲೇ ಹಿಂದಕ್ಕೆ ಬೀಳುತ್ತ, ಕಣ್ಣು ಕೆಳಗೆ ಇಳಿಸಲಾರದೆ ತಟ್ಟೆಯ ಅನ್ನ ಕಾಣದವರಿಗೆ ಪಿಎಸ್‌ಪಿ ಎಂಬ ಬೇರೆ ಕಾಯಿಲೆ ಇರಬಹುದು. ಎದ್ದು ನಿಂತರೆ ಬಿಪಿ ಕುಸಿದು ಕಣ್ಣು ಕತ್ತಲಿಡುವುದು, ಮೂತ್ರದ ಮೇಲಿನ ಹಿಡಿತ ಬೇಗ ತಪ್ಪುವುದು ಎಂಎಸ್‌ಎ ಎಂಬ ಇನ್ನೊಂದರ ಸುಳಿವು. ಮೊದಲಿಗೇ ಮರೆವು, ಇಲ್ಲದ ಮಕ್ಕಳು, ಬೆಕ್ಕುಗಳು ಮನೆಯಲ್ಲಿ ಓಡಾಡಿದಂತೆ ಕಾಣುವುದು ಲ್ಯೂಯಿ ಬಾಡಿ ಡಿಮೆನ್ಶಿಯಾ. ಬಿಪಿ, ಸಕ್ಕರೆ ಇದ್ದವರಲ್ಲಿ ಸೊಂಟದ ಕೆಳಗಷ್ಟೇ ನಡಿಗೆ ಕೆಟ್ಟರೆ ಮಿದುಳಿನ ಸಣ್ಣ ರಕ್ತನಾಳಗಳತ್ತ ನೋಡಬೇಕು. ನಡಿಗೆ, ಮೂತ್ರ, ಮರೆವು ಮೂರೂ ಒಟ್ಟಿಗೆ ಬಂದರೆ ಮಿದುಳಿನಲ್ಲಿ ನೀರು ಹೆಚ್ಚಾಗಿರಬಹುದು, ಅದನ್ನು ನಳಿಕೆ ಹಾಕಿ ಇಳಿಸುವ ಶಸ್ತ್ರಚಿಕಿತ್ಸೆ ಇದೆ. ನಲವತ್ತರೊಳಗಿನವರಿಗೆ ಬಂದರೆ ಮೈಯಲ್ಲಿ ತಾಮ್ರ ಸೇರುವ ವಿಲ್ಸನ್ ಕಾಯಿಲೆಯನ್ನು ನೋಡದೆ ಬಿಡಬಾರದು, ಅದಕ್ಕೂ ಮದ್ದುಂಟು. ಯಜಮಾನರಲ್ಲಿ ಇವುಗಳ ಗುರುತು ಕಾಣಲಿಲ್ಲ. ಒಂದೇ ಕಡೆ ಶುರು, ಸುಮ್ಮನಿದ್ದಾಗಿನ ನಡುಕ, ನಿಧಾನವಾಗಿ ವರ್ಷಗಳಲ್ಲಿ ಏರಿದ್ದು.

"ಎಣ್ಣಿ ಹೊಡದದ್ದಕ್ಕ ಬಂತೇನ್ರಿ ಸಾಹೇಬ್ರ?" ಅಷ್ಟು ಹೊತ್ತೂ ಸುಮ್ಮನಿದ್ದ ಯಜಮಾನರು ತಗ್ಗಿದ ದನಿಯಲ್ಲಿ ಕೇಳಿದರು. ಗೋವಿನಜೋಳದ ಹೊಲಕ್ಕೆ, ಬದುವಿನ ಹುಲ್ಲಿಗೆ ಪಂಪು ಹೊತ್ತು ಕಳೆನಾಶಕದಂಥ 'ಎಣ್ಣೆ' ಹೊಡೆದವರು ಅವರು. ಕೈಗವಸಿಲ್ಲ, ಮುಖಕ್ಕೊಂದು ಟವೆಲ್ಲು.

ಒಬ್ಬ ಮನುಷ್ಯನ ಕಾಯಿಲೆಗೆ ಇದೇ ಕಾರಣ ಎಂದು ಯಾರೂ ಬೆರಳು ತೋರಿಸಲಾರರು. ಆದರೆ ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೂ ಈ ಕಾಯಿಲೆಗೂ ನಂಟಿರುವುದನ್ನು ಹಲವು ಅಧ್ಯಯನಗಳು ಕಂಡಿವೆ. ಕೇರಳ ಅದನ್ನು 2011ರಲ್ಲೇ ನಿಷೇಧಿಸಿತು. ನಮ್ಮ ಅಂಗಡಿಗಳ ಕಪಾಟಿನಿಂದಲೂ ಅದು ಹೋಗಬೇಕು ಎಂದೇ ನನ್ನ ಅಭಿಪ್ರಾಯ. ಅದು ಹೋಗುವವರೆಗೆ ಹೊಡೆಯುವವರ ಕೈಗೆ ಗವಸು ಬೇಕು.

ಮಿದುಳಿನ ನಡುಭಾಗದಲ್ಲಿ ಬರಿಗಣ್ಣಿಗೇ ಕಪ್ಪಗೆ ಕಾಣುವ ಒಂದು ಪಟ್ಟಿಯಿದೆ, ಸಬ್‌ಸ್ಟಾನ್ಶಿಯಾ ನೈಗ್ರಾ ಎಂದು ಹೆಸರು. ಅಲ್ಲಿನ ಜೀವಕೋಶಗಳು ಡೋಪಮಿನ್ ತಯಾರಿಸುತ್ತವೆ. ಅವು ದೊಡ್ಡ ಸಂಖ್ಯೆಯಲ್ಲಿ ಸತ್ತ ಮೇಲಷ್ಟೇ ಕೈ ನಿಧಾನವಾದದ್ದು ಹೊರಗೆ ತಿಳಿಯುತ್ತದೆ. ಡೋಪಮಿನ್ನನ್ನೇ ನುಂಗಿಸೋಣವೆಂದರೆ ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲ. ದಾಟುವುದು ಅದರ ಹಿಂದಿನ ರೂಪವಾದ ಲೆವೊಡೋಪಾ. 1960ರಲ್ಲಿ ವಿಯೆನ್ನಾದ ಹೋರ್ನಿಕಿಯೆವಿಚ್ ಮತ್ತು ಎರಿಂಗರ್ ರೋಗಿಗಳ ಮಿದುಳಲ್ಲಿ ಡೋಪಮಿನ್ ಬರಿದಾದದ್ದನ್ನು ಕಂಡರು. 1967ರಲ್ಲಿ ಅಮೆರಿಕದ ಕೋಟ್ಸಿಯಾಸ್ ಬಾಯಿಯ ಮೂಲಕ ದೊಡ್ಡ ಪ್ರಮಾಣದ ಡೋಪಾ ಕೊಟ್ಟು ರೋಗಿಗಳು ಚೇತರಿಸಿಕೊಂಡದ್ದನ್ನು ತೋರಿಸಿದರು. ಇದಕ್ಕೂ ಮೂವತ್ತು ವರ್ಷ ಮುಂಚೆ, 1937ರಲ್ಲಿ, ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಇದೇ ಲೆವೊಡೋಪಾವನ್ನು ನಸುಗುನ್ನಿ ಬೀಜದಿಂದ ಬೇರ್ಪಡಿಸಿದ್ದರು. ಬೇಲಿಯಲ್ಲಿ ಹಬ್ಬಿ, ತಾಗಿದರೆ ಮೈಯೆಲ್ಲ ತುರಿಸುವ ಅದೇ ನಸುಗುನ್ನಿ. ಆಯುರ್ವೇದ ಕಂಪವಾತಕ್ಕೆ ಅದನ್ನು ಬಳಸುತ್ತ ಬಂದಿದೆ.

ಹೆಂಡತಿ ತಕ್ಷಣ ಕೇಳಿದರು, "ಹಂಗಾರ ಆ ಬೀಜಾನ ಕುಟ್ಟಿ ಕೊಡಬಹುದೇನ್ರಿ?" ಬೇಡ. ಒಂದು ಬೀಜದಲ್ಲಿ ಎಷ್ಟಿದೆ, ಇನ್ನೊಂದರಲ್ಲಿ ಎಷ್ಟಿದೆ ಗೊತ್ತಾಗದು. ಗುಳಿಗೆಯ ಜೊತೆ ಅದೂ ಸೇರಿದರೆ ಪ್ರಮಾಣ ಮೀರಿ ಮೈ ತಿರುಚಾಡಬಹುದು, ಇಲ್ಲದ್ದು ಕಾಣಬಹುದು. ಈಗಾಗಲೇ ಕೊಡುತ್ತಿದ್ದರೆ ಅದನ್ನು ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು, ಅಷ್ಟೆ.

ಚೀಟಿಯಲ್ಲಿ ಬರೆದದ್ದು ಲೆವೊಡೋಪಾ ಮತ್ತು ಕಾರ್ಬಿಡೋಪಾ ಸೇರಿದ ಗುಳಿಗೆ. ಅಂಗಡಿಯಲ್ಲಿ ಹೆಚ್ಚಾಗಿ ಸಿಂಡೋಪಾ ಎಂದು ಸಿಗುತ್ತದೆ. ಕಾರ್ಬಿಡೋಪಾ ಇರುವುದು ಮದ್ದು ದಾರಿಯಲ್ಲೇ ಕರಗದೆ ಮಿದುಳು ಮುಟ್ಟಲಿ, ವಾಂತಿ ಕಡಿಮೆಯಾಗಲಿ ಎಂದು. ಅರ್ಧ ಗುಳಿಗೆಯಿಂದ ಶುರು, ವಾರ ವಾರಕ್ಕೆ ಸ್ವಲ್ಪ ಏರಿಕೆ. ಬೆಳಿಗ್ಗೆ ಏಳು, ಮಧ್ಯಾಹ್ನ ಹನ್ನೆರಡು, ಸಂಜೆ ಐದು. ಊಟಕ್ಕೆ ಅರ್ಧ ತಾಸು ಮೊದಲು, ಇಲ್ಲವೇ ಊಟವಾಗಿ ಒಂದು ತಾಸಿನ ಮೇಲೆ, ಬರೀ ನೀರಿನಲ್ಲಿ. ಹೆಸರುಕಾಳಿನ ಪಲ್ಯ, ಮೊಸರು, ಮೊಟ್ಟೆಯಲ್ಲಿರುವ ಪ್ರೋಟೀನು ಕರುಳಲ್ಲೂ ಮಿದುಳ ಬಾಗಿಲಲ್ಲೂ ಈ ಮದ್ದಿನ ಜೊತೆ ಪೈಪೋಟಿಗೆ ನಿಲ್ಲುತ್ತದೆ. "ಗುಳಿಗಿ ತಪ್ಪಸಬ್ಯಾಡ್ರಿ. ಒಮ್ಮಿಂದೊಮ್ಮೆಲೆ ನಿಲ್ಲಸೂದಂತೂ ಬ್ಯಾಡೇ ಬ್ಯಾಡ," ಡಾಕ್ಟರ್ ಎರಡು ಸಲ ಹೇಳಿದರು. ಹಠಾತ್ತನೆ ನಿಲ್ಲಿಸಿದರೆ ಮೈ ಕಟ್ಟಿಗೆಯಾಗಿ, ಜ್ವರ ಏರಿ, ಜೀವಕ್ಕೇ ಕುತ್ತು ಬರಬಹುದು.

ಮಗ ಮೊಬೈಲಿನಲ್ಲಿ ನೋಡಿದ ವಿಡಿಯೊ ತೋರಿಸಿ ಮಿದುಳಿಗೆ ಕರೆಂಟು ಕೊಡುವ ಆಪರೇಷನ್ ಬಗ್ಗೆ ಕೇಳಿದ. ಅದು ಡಿಬಿಎಸ್, ಫ್ರಾನ್ಸಿನ ಬೆನಬಿಡ್ 1987ರಲ್ಲಿ ಹಾಕಿಕೊಟ್ಟ ದಾರಿ. ಮಿದುಳಿನ ಆಳಕ್ಕೆ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿ ಇಡುತ್ತಾರೆ. ಬೆಂಗಳೂರಿನಲ್ಲಿ ಮಾಡುತ್ತಾರೆ, ಖರ್ಚು ಹಲವು ಲಕ್ಷ. ಗುಳಿಗೆಗೆ ಚೆನ್ನಾಗಿ ಓಗೊಟ್ಟ ಮೈ, ವರ್ಷಗಳಾದ ಮೇಲೆ ಗುಳಿಗೆಯ ಏರಿಳಿತಕ್ಕೆ ಸಿಕ್ಕಿ ಬಳಲುವಾಗ ಅದು ನೆರವಾಗುತ್ತದೆ. ಪಿಎಸ್‌ಪಿ, ಎಂಎಸ್‌ಎ ಇದ್ದವರಿಗೆ ಅದು ಆಗಿಬರದು. ಯಜಮಾನರಿಗೆ ಇನ್ನೂ ಗುಳಿಗೆಯೇ ಶುರುವಾಗಿಲ್ಲ.

ಎರಡು ತಿಂಗಳ ಮೇಲೆ ತಿಳವಳ್ಳಿಯ ಅದೇ ಪಡಸಾಲೆಗೆ ಬನ್ನಿ. ಬಾಗಿಲ ಮುಂದೆ ನೆಲದ ಮೇಲೆ ಅಡ್ಡಡ್ಡಲಾಗಿ ಹಳದಿ ಟೇಪಿನ ಪಟ್ಟಿಗಳು, ಒಂದೊಂದು ಹೆಜ್ಜೆಗೆ ಒಂದೊಂದು. ಯಜಮಾನರು ಪಟ್ಟಿ ನೋಡಿ ಕಾಲೆತ್ತಿ ದಾಟುತ್ತಾರೆ, ಹೊಸ್ತಿಲೂ ಅದೇ ಲೆಕ್ಕದಲ್ಲಿ ದಾಟಿಹೋಗುತ್ತದೆ. ಪಟ್ಟಿ ಇಲ್ಲದ ಕಡೆ ಮಗ ಭಜನೆಯ ತಾಳ ಹಾಕುತ್ತಾನೆ, ಕಾಲು ಆ ತಾಳಕ್ಕೆ ಏಳುತ್ತದೆ. ಬಲಗೈಯ ನಡುಕ ಪೂರ್ತಿ ಹೋಗಿಲ್ಲ. ಗುಂಡಿ ಹಾಕಿಕೊಳ್ಳುವುದು ಮಾತ್ರ ಚಹಾ ಆರುವ ಮೊದಲೇ ಮುಗಿಯುತ್ತದೆ. ದನಿ ತಗ್ಗಿದ್ದಕ್ಕೆ ದಿನಾ ಪೇಪರನ್ನು ಅಡುಗೆಮನೆಗೆ ಕೇಳುವಷ್ಟು ಜೋರಾಗಿ ಓದಬೇಕು. ಸೊಸೆ ಒಳಗಿನಿಂದ "ಕೇಳಸವಲ್ದ್ರಿ ಮಾವಾರ" ಅಂದರೆ ಮತ್ತೆ ಮೊದಲಿಂದ. ನಾಲ್ಕು ಗಂಟೆಯ ಹೊತ್ತಿಗೆ ಮಧ್ಯಾಹ್ನದ ಗುಳಿಗೆ ಇಳಿದು ಕಾಲು ಭಾರವಾಗುತ್ತದೆ. ಆ ಹೊತ್ತನ್ನು ಮಗ ಕ್ಯಾಲೆಂಡರಿನ ಮೇಲೆ ಗುರುತು ಹಾಕುತ್ತಿದ್ದಾನೆ, ಮುಂದಿನ ಸಲ ಡೋಸು ತಿದ್ದಲು ಡಾಕ್ಟರಿಗೆ ಬೇಕಾದದ್ದು ಅದೇ. ಪ್ರತಿಸಲ ಹುಬ್ಬಳ್ಳಿಗೆ ಹೋಗಲಾಗದವರಿಗೆ ಇನ್ನೊಂದು ದಾರಿಯೂ ಇದೆ. ನಿಮ್ಹಾನ್ಸ್ ಜೊತೆಗೂಡಿ ರಾಜ್ಯ ಸರ್ಕಾರ 2022ರಲ್ಲಿ ಆರಂಭಿಸಿದ ಮಿದುಳು ಆರೋಗ್ಯ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮಿದುಳು ಆರೋಗ್ಯ ಕ್ಲಿನಿಕ್‌ಗಳು ಬಂದಿವೆ.

ಹಿರೇಕೆರೂರಿನ ಅಜ್ಜಿ ಎರಡನೇ ಭೇಟಿಯ ದಿನ ಅದೇ ಬೆಂಚಿನ ಮೇಲೆ ಸಿಕ್ಕರು. ಗಲ್ಲ ನಡುಗುತ್ತಿರಲಿಲ್ಲ. ಎಲೆಅಡಿಕೆಯ ಚೀಲವನ್ನು ತಾವೇ ಬಿಚ್ಚಿ, ಎಲೆಗೆ ಸುಣ್ಣ ಸವರಿ ಮಡಚಿ ಬಾಯಿಗೆ ಇಟ್ಟುಕೊಂಡರು. ನಡಿಗೆಯಲ್ಲಿ ಬಿಗಿತ ಇನ್ನೂ ಇತ್ತು. ಇನ್ನೆರಡು ತಿಂಗಳು ನೋಡೋಣ ಎಂದು ಡಾಕ್ಟರ್ ಹೇಳಿದರಂತೆ.

ಆ ದಿನ ಡಾಕ್ಟರ್ ಯಜಮಾನರ ಮಗನಿಗೂ ಒಂದು ಕಾಗದ ಬರೆದುಕೊಟ್ಟರು. ಮೇಲೆ ಗುಳಿಗೆಯ ಹೊತ್ತು, ಕೆಳಗೆ ಕೊಡಬಾರದ ಔಷಧಿಗಳ ಹೆಸರು, ಕೊನೆಗೆ ವಾಂತಿಯಾದರೆ ಡೊಂಪೆರಿಡೋನ್ ಎಂದು. ಮಳೆಗಾಲದಲ್ಲಿ ಯಜಮಾನರಿಗೆ ಜ್ವರ ಬಂದು ಎರಡು ಸಲ ವಾಂತಿಯಾಯಿತು. ಮಗ ಊರಿನ ಔಷಧಿ ಅಂಗಡಿಗೆ ಓಡಿದ. ಅಂಗಡಿಯವರು ವಾಡಿಕೆಯಂತೆ ಮೆಟೊಕ್ಲೋಪ್ರಮೈಡ್ ಸ್ಟ್ರಿಪ್ಪು ತೆಗೆದು ಕತ್ತರಿ ಹಿಡಿದಿದ್ದರು. ಮಗ ಕಾಗದ ಮುಂದಿಟ್ಟ. ಅವರು ಕನ್ನಡಕ ಸರಿಮಾಡಿಕೊಂಡು ಕೆಳಗಿನ ಸಾಲನ್ನು ಓದಿ, "ಪಾರ್ಕಿನ್ಸನ್ ಐತೇನು ಅಪ್ಪಾರಿಗೆ? ಮೊದಲ ಹೇಳಬೇಕಲ್ಲೊ ತಮ್ಮಾ," ಎಂದು ಸ್ಟ್ರಿಪ್ಪನ್ನು ವಾಪಸ್ ಡಬ್ಬಿಗೆ ಹಾಕಿ ಇನ್ನೊಂದನ್ನು ತೆಗೆದರು. ಆಮೇಲೆ ಆ ಕಾಗದವನ್ನು ತಮ್ಮ ಮೊಬೈಲಿನಲ್ಲೂ ಒಂದು ಫೋಟೊ ಹೊಡೆದುಕೊಂಡರು.